ಶಿಕ್ಷಕರು ತಮ್ಮ ಸಂತೋಷಕ್ಕಾಗಿ ಆನ್‌ಲೈನ್‌ನಲ್ಲಿ ಕಲಿಯುವುದು ಹೇಗೆ

ಶಿಕ್ಷಕರಿಗೆಂದು ಸಿದ್ಧಪಡಿಸಿದ ಆನ್‌ಲೈನ್ ಸಾಧನಗಳ ಪಟ್ಟಿಗಳಲ್ಲಿ ಬಹುಪಾಲು ತರಗತಿಗೆ ಸಂಬಂಧಿಸಿದವು: ರಸಪ್ರಶ್ನೆ ತಯಾರಿಸುವ ಆಪ್, ಹಾಜರಾತಿ ದಾಖಲಿಸುವ ತಂತ್ರಾಂಶ, ಸ್ಲೈಡ್ ಜೋಡಿಸುವ ತಾಣ, ಉತ್ತರಪತ್ರಿಕೆ ತಿದ್ದಲು ನೆರವಾಗುವ ವ್ಯವಸ್ಥೆ. ಅವುಗಳಿಂದ ದಿನದ ಕೆಲಸ ಹಗುರವಾಗುವುದು ನಿಜ. ಆದರೆ ಪಾಠ ಹೇಳುವವರು ತಾವೂ ಹೊಸದೊಂದನ್ನು ಕಲಿಯಬೇಕು, ಅದೂ ಯಾರ ಅಪ್ಪಣೆಯಿಲ್ಲದೆ, ಯಾವ ವರದಿಯನ್ನೂ ಬರೆಯುವ ಹೊಣೆಯಿಲ್ಲದೆ, ಇಷ್ಟಪಟ್ಟು ಕಲಿಯಬೇಕು ಎಂದುಕೊಂಡಾಗ ಆ ಪಟ್ಟಿಗಳು ಉಪಯೋಗಕ್ಕೆ ಬರುವುದಿಲ್ಲ. ಈ ಬರಹ ಆ ಎರಡನೆಯ ಅಗತ್ಯಕ್ಕೆ ಸಂಬಂಧಿಸಿದ್ದು. ಇಲ್ಲಿನ ಸಲಹೆಗಳೆಲ್ಲದರ ಹಿಂದೆ ಒಂದೇ ನಿಲುವಿದೆ: ಹೊಸ ಸಾಧನವೊಂದನ್ನು ತೆರೆದ ಕೂಡಲೇ "ಇದನ್ನು ಮಕ್ಕಳಿಗೆ ಹೇಗೆ ತೋರಿಸಲಿ" ಎಂದು ಯೋಚಿಸುವ ಅಭ್ಯಾಸವನ್ನು ಕೆಲವು ತಿಂಗಳ ಮಟ್ಟಿಗಾದರೂ ತಡೆಹಿಡಿಯಬೇಕು.

ಹಾಗೆ ತಡೆಯುವುದು ಶಿಕ್ಷಕರಿಗೆ ಸುಲಭವಲ್ಲ. ವರ್ಷಗಟ್ಟಲೆ ಪಾಠ ಮಾಡಿದವರ ಕಣ್ಣು ಏನನ್ನು ಕಂಡರೂ ಅದರಲ್ಲಿ ಒಂದು ಪಾಠಯೋಜನೆಯನ್ನು ಹುಡುಕುತ್ತದೆ. ಅದರ ಪರಿಣಾಮವಾಗಿ ಅವರು ತಮಗೆ ಈಗಾಗಲೇ ಗೊತ್ತಿರುವ ವಿಷಯವನ್ನೇ, ನಲವತ್ತು ನಿಮಿಷದಲ್ಲಿ ಮುಗಿಯುವಂಥದನ್ನೇ, ಪಠ್ಯಕ್ರಮಕ್ಕೆ ಹೊಂದುವಂಥದನ್ನೇ ಆರಿಸಿಕೊಳ್ಳುತ್ತಾರೆ. ಅರ್ಥವಾಗದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಇರುವ ಅವಕಾಶವೇ ಅವರಿಗೆ ಸಿಗುವುದಿಲ್ಲ. ಕಲಿಕೆ ಶುರುವಾಗುವುದಾದರೋ ಆ ಸ್ಥಿತಿಯಲ್ಲಿ.

ಮೊದಲು ಪ್ರಶ್ನೆ, ಆಮೇಲೆ ಸಾಧನ

ಸಾಧನಗಳನ್ನು ಹುಡುಕುವ ಮುನ್ನ ಒಂದು ಹಾಳೆಯಲ್ಲಿ, ನಿಮಗೆ ಬಹಳ ಕಾಲದಿಂದ ತಿಳಿಯಬೇಕೆನಿಸಿದ ಆದರೆ ಯಾರೂ ಕೇಳದ ಕೆಲವು ಪ್ರಶ್ನೆಗಳನ್ನು ಬರೆದುಕೊಳ್ಳಿ. "ಖಗೋಳಶಾಸ್ತ್ರ ಕಲಿಯಬೇಕು" ಎಂಬುದು ಪ್ರಶ್ನೆಯಲ್ಲ. "ಸಂಜೆ ಪಶ್ಚಿಮದಲ್ಲಿ ಹೊಳೆಯುವ ಆ ಚುಕ್ಕಿ ಕೆಲವು ತಿಂಗಳ ನಂತರ ಏಕೆ ಕಾಣಿಸುವುದಿಲ್ಲ" ಎಂಬುದು ಪ್ರಶ್ನೆ. "ಸಂಗೀತ ಕಲಿಯಬೇಕು" ಎನ್ನುವುದಕ್ಕಿಂತ "ಎರಡು ಸ್ವರಗಳು ಒಟ್ಟಿಗೆ ಕೇಳಿದಾಗ ಒಮ್ಮೆ ಇಂಪಾಗಿಯೂ ಇನ್ನೊಮ್ಮೆ ಕರ್ಕಶವಾಗಿಯೂ ಇರುವುದೇಕೆ" ಎನ್ನುವುದು ಮುಂದಿನ ಹೆಜ್ಜೆಯನ್ನು ತಾನೇ ತೋರಿಸುತ್ತದೆ. ಪ್ರಶ್ನೆ ಚಿಕ್ಕದಾಗಿ ಮತ್ತು ಗಟ್ಟಿಯಾಗಿ ಇದ್ದಷ್ಟೂ ಸಾಧನದ ಆಯ್ಕೆ ಸುಲಭ.

ನೀವು ಬೋಧಿಸುವ ವಿಷಯದಿಂದ ದೂರವಿರುವ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಿ. ಗಣಿತದ ಶಿಕ್ಷಕರು ಪಕ್ಷಿಗಳ ಕಡೆಗೂ, ಭಾಷಾ ಶಿಕ್ಷಕರು ರೇಖಾಗಣಿತದ ಕಡೆಗೂ ಹೋದರೆ, ತಮಗೆ ಗೊತ್ತಿರಲೇಬೇಕೆಂಬ ಒತ್ತಡ ತಾನಾಗಿ ಇಳಿಯುತ್ತದೆ. ಉದಾಹರಣೆಗೆ, 2001ರಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅವರು ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶವನ್ನು ಗಣಿತ ಶಿಕ್ಷಕರು ತರಗತಿಯ ಉಪಕರಣವೆಂದೇ ಬಲ್ಲರು. ಗಣಿತವನ್ನು ಶಾಲೆಯಲ್ಲೇ ಬಿಟ್ಟು ಬಂದ ಇತಿಹಾಸದ ಶಿಕ್ಷಕರೊಬ್ಬರು ಅದನ್ನು ಬ್ರೌಸರ್‌ನಲ್ಲಿ ತೆರೆದು, ಮನಸ್ಸಿಗೆ ಬಂದಂತೆ ಒಂದು ಸೊಟ್ಟ ಚತುರ್ಭುಜವನ್ನು ಬರೆದು, ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಗುರುತಿಸಿ, ಅವನ್ನು ಕ್ರಮವಾಗಿ ಸೇರಿಸಿ ನೋಡಲಿ. ಮೂಲ ಆಕೃತಿಯ ಯಾವುದೇ ಮೂಲೆಯನ್ನು ಹಿಡಿದು ಎತ್ತ ಎಳೆದರೂ ಒಳಗಿನ ಆಕೃತಿ ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಏಕೆ ಎಂದು ಕಂಡುಹಿಡಿಯಲು ಒಂದು ಕರ್ಣವನ್ನು ಎಳೆದು ಯೋಚಿಸಿದರೆ ಸಾಕು. ಇದಕ್ಕೆ ಫ್ರೆಂಚ್ ಗಣಿತಜ್ಞ ವಾರಿನ್ಯೋನ್ ಅವರ ಹೆಸರಿನ ಪ್ರಮೇಯವೆಂದು ಹೇಳುತ್ತಾರೆ. ಆದರೆ ಹೆಸರನ್ನು ಆಮೇಲೆ ತಿಳಿದುಕೊಂಡರೂ ನಷ್ಟವಿಲ್ಲ.

ಖಾತೆ, ಸಮಯ, ಪರದೆ

ವೈಯಕ್ತಿಕ ಕಲಿಕೆಗೆ ಶಾಲೆಯ ಇಮೇಲ್ ವಿಳಾಸವನ್ನು ಬಳಸಬೇಡಿ. ಸಂಸ್ಥೆಯ ಖಾತೆಯ ಮೇಲೆ ಸಂಸ್ಥೆಯ ನಿರ್ವಾಹಕರಿಗೆ ಅಧಿಕಾರವಿರುತ್ತದೆ, ಕೆಲಸ ಬದಲಾದ ದಿನ ಅದು ಮುಚ್ಚುತ್ತದೆ, ಅದರೊಂದಿಗೆ ನೀವು ಕೂಡಿಸಿಟ್ಟ ಟಿಪ್ಪಣಿಗಳೂ ಕೈತಪ್ಪಬಹುದು. ಹವ್ಯಾಸಕ್ಕೆಂದೇ ಪ್ರತ್ಯೇಕ ಇಮೇಲ್ ಒಂದನ್ನು ತೆರೆದು, ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡರೆ, ಕಲಿಯಲು ಕುಳಿತಾಗ ಸಿಬ್ಬಂದಿ ಗುಂಪಿನ ಸೂಚನೆಗಳೂ ಪೋಷಕರ ಸಂದೇಶಗಳೂ ಪರದೆಯ ಮೇಲೆ ಇಣುಕುವುದಿಲ್ಲ. ಪ್ರತಿ ತಾಣಕ್ಕೂ ಬೇರೆ ಪಾಸ್‌ವರ್ಡ್ ಇರಲಿ, ಅವನ್ನು ಪಾಸ್‌ವರ್ಡ್ ನಿರ್ವಾಹಕ ತಂತ್ರಾಂಶವೊಂದು ನೆನಪಿಡಲಿ, ಇಮೇಲ್‌ಗೆ ಎರಡು ಹಂತದ ದೃಢೀಕರಣವಿರಲಿ. ಇಷ್ಟನ್ನು ಒಂದು ಸಂಜೆಯಲ್ಲಿ ಮುಗಿಸಬಹುದು.

ವೀಡಿಯೊ ತಾಣಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಯೂಟ್ಯೂಬ್‌ನಲ್ಲಿ ಒಳ್ಳೆಯ ಉಪನ್ಯಾಸಗಳಿಗೆ ಕೊರತೆಯಿಲ್ಲ, ಆದರೆ ಅದರ ಮುಖಪುಟ ನಿಮ್ಮ ಪ್ರಶ್ನೆಯನ್ನು ಮರೆಸಲು ಸದಾ ಸಿದ್ಧವಾಗಿರುತ್ತದೆ. ಹೊಸ ಪ್ರೊಫೈಲ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ದಾಖಲಿಸುವುದನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿದರೆ ಮುಖಪುಟದ ಶಿಫಾರಸುಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಓಡುವ ವ್ಯವಸ್ಥೆಯನ್ನೂ ನಿಲ್ಲಿಸಿಬಿಡಿ. ನೋಡಬೇಕಾದುದನ್ನು ಮೊದಲೇ ಹುಡುಕಿ ಪ್ಲೇಲಿಸ್ಟ್‌ನಲ್ಲಿ ಇಟ್ಟು, ಬೇರೆ ದಿನ ಆ ಪಟ್ಟಿಯಿಂದಷ್ಟೇ ನೋಡಿ. ಹುಡುಕುವ ಹೊತ್ತನ್ನೂ ನೋಡುವ ಹೊತ್ತನ್ನೂ ಬೇರೆ ಮಾಡುವ ಈ ಒಂದು ಕ್ರಮದಿಂದ ಉಳಿಯುವ ಸಮಯ ಯಾವ ಸಮಯಪಾಲನೆಯ ಆಪ್‌ನಿಂದಲೂ ಉಳಿಯಲಾರದು.

ನೋಡುವ ಸಾಧನಕ್ಕಿಂತ ಮಾಡುವ ಸಾಧನ

ಉಪನ್ಯಾಸ ಕೇಳುವುದು ಶಿಕ್ಷಕರಿಗೆ ಬಹಳ ಹಿತವಾಗಿರುತ್ತದೆ, ಏಕೆಂದರೆ ಅಲ್ಲಿ ಅವರು ಅರಿವಿಲ್ಲದೆ ಇನ್ನೊಬ್ಬ ಶಿಕ್ಷಕರ ಕೌಶಲವನ್ನು ಸವಿಯುತ್ತಿರುತ್ತಾರೆ. ಅದು ತಪ್ಪಲ್ಲ, ಆದರೆ ಕೈಗೆ ಕೆಲಸ ಕೊಡುವ ಸಾಧನಗಳಲ್ಲಿ ಸಿಗುವ ಸಂತೋಷ ಬೇರೆಯದು. ಅದಕ್ಕೆ ನನಗೆ ತಿಳಿದ ಅತ್ಯುತ್ತಮ ನಿದರ್ಶನ ಒಬ್ಬ ಶಿಕ್ಷಕಿಯದೇ.

2007ರ ಜುಲೈಯಲ್ಲಿ ಗೆಲಾಕ್ಸಿ ಝೂ ಎಂಬ ಯೋಜನೆ ಆರಂಭವಾಯಿತು. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆ ತೆಗೆದ ಸುಮಾರು 9 ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ವಿಂಗಡಿಸಲು ವಿಜ್ಞಾನಿಗಳಿಗೆ ಕಣ್ಣುಗಳು ಸಾಲದೆ, ಅವರು ಸಾರ್ವಜನಿಕರ ನೆರವು ಕೇಳಿದ್ದರು: ಇದು ಸುರುಳಿಯಾಕಾರದ್ದೋ ಅಂಡಾಕಾರದ್ದೋ, ಸುರುಳಿಯಾದರೆ ಯಾವ ದಿಕ್ಕಿಗೆ ತಿರುಗಿದೆ ಎಂದು ನೋಡಿ ಹೇಳಬೇಕಿತ್ತು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿ 5 ಕೋಟಿಗೂ ಮೀರಿದ ವಿಂಗಡಣೆಗಳನ್ನು ಮಾಡಿದರು. ಅವರಲ್ಲಿ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಒಬ್ಬರು. ಅವರು ಅಲ್ಲಿಗೆ ಬಂದದ್ದು ಖಗೋಳಶಾಸ್ತ್ರದ ಆಸಕ್ತಿಯಿಂದಲ್ಲ. ಕ್ವೀನ್ ಎಂಬ ಬ್ರಿಟಿಷ್ ರಾಕ್ ಸಂಗೀತ ತಂಡದ ಗಿಟಾರ್ ವಾದಕ, ಸ್ವತಃ ಖಗೋಳಶಾಸ್ತ್ರವನ್ನೂ ಓದಿದ್ದ ಬ್ರಯನ್ ಮೇ ಅವರ ಜಾಲತಾಣದಲ್ಲಿ ಆ ಯೋಜನೆಯ ಪ್ರಸ್ತಾಪವನ್ನು ಕಂಡು. ವಿಂಗಡಿಸುತ್ತಾ ಹೋದಾಗ ಐಸಿ 2497 ಎಂಬ ಗೆಲಾಕ್ಸಿಯ ಕೆಳಗೆ ವಿಚಿತ್ರವಾದ ನೀಲಿ ಕಲೆಯೊಂದು ಅವರಿಗೆ ಕಂಡಿತು. ಕೇಳಿದ್ದ ಪ್ರಶ್ನೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಅದನ್ನು ದಾಟಿ ಹೋಗದೆ, ಇದೇನು ಎಂದು ಕೇಳಿದರು. ಅದು ಅನಿಲದ ಬೃಹತ್ ಮೋಡ. ಪಕ್ಕದ ಗೆಲಾಕ್ಸಿಯ ಕೇಂದ್ರದಲ್ಲಿ ಒಮ್ಮೆ ಪ್ರಖರವಾಗಿ ಉರಿದು ಈಗ ಮಂಕಾಗಿರುವ ಕ್ವೇಸಾರ್‌ನ (ಬೃಹತ್ ಕಪ್ಪುಕುಳಿಯ ಸುತ್ತ ಹೊಳೆಯುವ ಅತಿ ಪ್ರಖರ ಕಾಯದ) ಬೆಳಕು ಆ ಮೋಡವನ್ನು ಇನ್ನೂ ಬೆಳಗಿಸುತ್ತಿದೆ ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಹಬಲ್ ದೂರದರ್ಶಕ ತೆಗೆದ ಅದರ ಚಿತ್ರ 2011ರ ಜನವರಿಯಲ್ಲಿ ಪ್ರಕಟವಾಯಿತು. ಖಗೋಳ ಸಾಹಿತ್ಯದಲ್ಲಿ ಆ ಕಾಯಕ್ಕೆ ಹ್ಯಾನಿಯವರ ಹೆಸರೇ ಇದೆ. ಗಿಟಾರಿನ ಮೇಲಿನ ಪ್ರೀತಿ ಒಬ್ಬ ಶಿಕ್ಷಕಿಯನ್ನು ಕ್ವೇಸಾರ್‌ವರೆಗೆ ಕರೆದೊಯ್ಯುವ ದಾರಿಯನ್ನು ಯಾವ ತರಬೇತಿ ಶಿಬಿರವೂ ಯೋಜಿಸಲಾರದು.

ಗೆಲಾಕ್ಸಿ ಝೂ ಈಗ ಝೂನಿವರ್ಸ್ ಎಂಬ ದೊಡ್ಡ ತಾಣದ ಭಾಗ. ಅಲ್ಲಿ ಕಾಡುಪ್ರಾಣಿಗಳ ಕ್ಯಾಮೆರಾ ಚಿತ್ರಗಳನ್ನು ಗುರುತಿಸುವ, ಹಳೆಯ ಕೈಬರಹದ ದಾಖಲೆಗಳನ್ನು ಓದಿ ಟೈಪ್ ಮಾಡುವ, ಹವಾಮಾನದ ಹಳೆಯ ದಾಖಲೆಗಳನ್ನು ಪ್ರತಿ ಮಾಡುವ ಬಗೆಬಗೆಯ ಯೋಜನೆಗಳು ನಡೆಯುತ್ತವೆ. ಖಾತೆ ತೆರೆಯದೆಯೂ ಶುರುಮಾಡಬಹುದು. ಯೋಜನೆಯ ಪುಟದಲ್ಲಿರುವ ಚಿಕ್ಕ ತರಬೇತಿಯನ್ನು ನೋಡಿ, ಮಾದರಿ ಚಿತ್ರಗಳ ಮಾರ್ಗದರ್ಶಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಮೊದಲ ದಿನ ಅರ್ಧ ಗಂಟೆ ವಿಂಗಡಿಸಿ. ತಪ್ಪು ಮಾಡಿದರೆ ವಿಜ್ಞಾನ ಹಾಳಾದೀತೆಂಬ ಭಯ ಬೇಡ. ಒಂದೇ ಚಿತ್ರವನ್ನು ಹಲವರಿಗೆ ತೋರಿಸಿ ಅವರ ಉತ್ತರಗಳನ್ನು ಒಟ್ಟುಗೂಡಿಸುವುದರಿಂದ ಒಬ್ಬರ ತಪ್ಪು ಅಲ್ಲಿ ಕರಗಿಹೋಗುತ್ತದೆ. ವಿಚಿತ್ರವಾದುದೇನಾದರೂ ಕಂಡರೆ ಚರ್ಚಾ ವಿಭಾಗದಲ್ಲಿ ಕೇಳಿ. ಗೊತ್ತಿಲ್ಲವೆಂದು ಎಲ್ಲರೆದುರು ಬರೆಯುವುದು ಶಿಕ್ಷಕರಿಗೆ ಮೊದಲ ಸಲ ಕಸಿವಿಸಿಯಾಗುತ್ತದೆ. ಎರಡನೆಯ ಸಲ ಅಷ್ಟಾಗುವುದಿಲ್ಲ.

ಹೊರಗೆ ನಡೆದಾಡುವ ರೂಢಿಯಿರುವವರಿಗೆ 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್ ಇದಕ್ಕಿಂತ ಹೆಚ್ಚು ಹಿಡಿಸಬಹುದು. ಕಂಡ ಗಿಡ ಅಥವಾ ಕೀಟದ ಚಿತ್ರ ತೆಗೆದು, ದಿನಾಂಕ ಮತ್ತು ಸ್ಥಳದೊಂದಿಗೆ ಸೇರಿಸಿದರೆ, ತಂತ್ರಾಂಶವೂ ಇತರ ಬಳಕೆದಾರರೂ ಅದರ ಹೆಸರನ್ನು ಸೂಚಿಸುತ್ತಾರೆ; ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದಾಗ, ಉಳಿದ ಷರತ್ತುಗಳೂ ಪೂರೈಸಿದ್ದರೆ, ಆ ದಾಖಲೆ ಸಂಶೋಧನೆಗೆ ಯೋಗ್ಯವಾದ ದರ್ಜೆಗೆ ಏರುತ್ತದೆ. ಒಂದೇ ಚಿತ್ರ ಸಾಲದು: ಗಿಡವಾದರೆ ಎಲೆಯ ಮೇಲ್ಭಾಗ, ಕೆಳಭಾಗ, ಹೂವು, ಕಾಂಡ ಎಲ್ಲವೂ ಬೇಕು. ತಂತ್ರಾಂಶದ ಸೂಚನೆಯನ್ನು ಕಣ್ಣುಮುಚ್ಚಿ ಒಪ್ಪುವ ಬದಲು, ಪ್ರಭೇದ ಖಚಿತವಿಲ್ಲದಿದ್ದರೆ ಕುಲದ ಅಥವಾ ಕುಟುಂಬದ ಮಟ್ಟದಲ್ಲಿ ನಿಲ್ಲಿಸಿ. ಮನೆಯಂಗಳದಲ್ಲೋ ಶಾಲೆಯ ಆವರಣದಲ್ಲೋ ತೆಗೆದ ಚಿತ್ರಗಳಿಗೆ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯಿದೆ. ಆಗ ನಿಖರ ಬಿಂದುವಿನ ಬದಲು ಸುಮಾರು 0.2 ಡಿಗ್ರಿ ಅಗಲದ ವಿಸ್ತಾರ ಪ್ರದೇಶ ಮಾತ್ರ ಇತರರಿಗೆ ಕಾಣುತ್ತದೆ. ಮಕ್ಕಳಿರುವ ಯಾವ ಚಿತ್ರವನ್ನೂ ಅಲ್ಲಿಗೆ ಹಾಕಬೇಡಿ.

ಗೆಲಿಲಿಯೊ ಕಂಡದ್ದನ್ನು ನೋಡುವುದು

ಸ್ಟೆಲೇರಿಯಮ್ ಎಂಬ ಉಚಿತ ತಾರಾಲಯ ತಂತ್ರಾಂಶವನ್ನು ಹೆಚ್ಚಿನವರು ಒಮ್ಮೆ ತೆರೆದು, ಸುಂದರವಾಗಿದೆ ಎಂದು ಮೆಚ್ಚಿ, ಮುಚ್ಚಿಬಿಡುತ್ತಾರೆ. ಪ್ರಶ್ನೆಯಿಲ್ಲದೆ ತೆರೆದ ಸಾಧನದ ಗತಿ ಸಾಮಾನ್ಯವಾಗಿ ಅದೇ. ಅದರ ಬದಲು ಈ ಕೆಳಗಿನ ಅಭ್ಯಾಸವನ್ನು ಒಂದು ಸಂಜೆ ಮಾಡಿ ನೋಡಿ.

ಕಂಪ್ಯೂಟರ್‌ನಲ್ಲಿ ಸ್ಥಾಪಿಸಿಕೊಂಡ ಸ್ಟೆಲೇರಿಯಮ್‌ನಲ್ಲಿ ಎಫ್6 ಒತ್ತಿ ಸ್ಥಳವನ್ನು ಇಟಲಿಯ ಪಾಡುವಾ ನಗರಕ್ಕೆ ಬದಲಿಸಿ. ಎಫ್5 ಒತ್ತಿ ದಿನಾಂಕವನ್ನು 1610ರ ಜನವರಿ 7ಕ್ಕೆ, ಸಮಯವನ್ನು ಸೂರ್ಯಾಸ್ತದ ನಂತರದ ಗಂಟೆಗಳಿಗೆ ಇಡಿ. ಎಫ್3 ಒತ್ತಿ ಗುರು ಗ್ರಹವನ್ನು ಹುಡುಕಿ, ಮೌಸ್‌ನ ಚಕ್ರದಿಂದ ಅದನ್ನು ಹತ್ತಿರಕ್ಕೆ ತಂದುಕೊಳ್ಳಿ. ಅಂದು ರಾತ್ರಿ ಗೆಲಿಲಿಯೊ ತಮ್ಮ ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಗ್ರಹದ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು ಚುಕ್ಕಿಯನ್ನು ಕಂಡು, ಅವು ನಕ್ಷತ್ರಗಳೆಂದು ಭಾವಿಸಿದ್ದರು. ನಿಮ್ಮ ಪರದೆಯಲ್ಲಾದರೋ ನಾಲ್ಕು ಉಪಗ್ರಹಗಳಿರುತ್ತವೆ. ಯಾವ ಎರಡು ಚುಕ್ಕಿಗಳು ಅವರಿಗೆ ಒಂದಾಗಿ ಕಂಡಿರಬೇಕು ಎಂದು ಮೊದಲು ನೀವೇ ಊಹಿಸಿ ಬರೆದಿಡಿ. ಆಮೇಲೆ ಹತ್ತಿರದಿಂದ ನೋಡಿದರೆ ಅಯೋ ಮತ್ತು ಯುರೋಪಾ ಎಷ್ಟು ಸಮೀಪದಲ್ಲಿವೆ ಎಂಬುದು ಗೊತ್ತಾಗುತ್ತದೆ. ಈಗ ದಿನಾಂಕವನ್ನು ಒಂದು ದಿನ ಮುಂದಕ್ಕೆ ತಳ್ಳಿ. ಜನವರಿ 8ರಂದು ಅವರು ಮೂರು ಚುಕ್ಕಿಗಳನ್ನೂ ಪಶ್ಚಿಮದಲ್ಲೇ ಕಂಡು ಗೊಂದಲಗೊಂಡರು. 9ರಂದು ಮೋಡ ಮುಸುಕಿತ್ತು. 13ರಂದು ನಾಲ್ಕನೆಯದು ಕಾಣಿಸಿತು. ಎಲ್ ಕೀಲಿಯನ್ನು ಕೆಲವು ಬಾರಿ ಒತ್ತಿ ಕಾಲದ ವೇಗ ಹೆಚ್ಚಿಸಿದರೆ ಉಪಗ್ರಹಗಳು ಗ್ರಹದ ಅತ್ತಿತ್ತ ಓಡಾಡುವುದು ಕಾಣುತ್ತದೆ, ಜೆ ಒತ್ತಿದರೆ ವೇಗ ಇಳಿಯುತ್ತದೆ, ಕೆ ಒತ್ತಿದರೆ ಸಹಜ ಗತಿಗೆ ಮರಳುತ್ತದೆ, 8 ಒತ್ತಿದರೆ ಈ ಕ್ಷಣದ ಆಕಾಶ ಬರುತ್ತದೆ.

ಇದಾದ ಮೇಲೆ ಇಂಟರ್ನೆಟ್ ಆರ್ಕೈವ್‌ಗೆ ಹೋಗಿ, ಗೆಲಿಲಿಯೊ ಅದೇ ವರ್ಷ ಪ್ರಕಟಿಸಿದ ವೀಕ್ಷಣಾ ವರದಿಯ ಇಂಗ್ಲಿಷ್ ಅನುವಾದವನ್ನು ಹುಡುಕಿ ತೆರೆಯಿರಿ. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಈ ಸಂಗ್ರಹದಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಅಸಂಖ್ಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ವರದಿಯಲ್ಲಿ ಅವರು ರಾತ್ರಿಯಿಂದ ರಾತ್ರಿಗೆ ಬರೆದಿಟ್ಟ ಸರಳ ರೇಖಾಚಿತ್ರಗಳನ್ನು ನಿಮ್ಮ ಪರದೆಯ ಜೊತೆಗೆ ಹೋಲಿಸುತ್ತಾ ಹೋದರೆ, ಎರಡು ಉಚಿತ ಸಾಧನಗಳ ನಡುವೆ ನೀವೇ ಒಂದು ಚಿಕ್ಕ ಸಂಶೋಧನೆ ನಡೆಸಿದಂತಾಗುತ್ತದೆ. ಇದೇ ವಿಧಾನವನ್ನು ಬೇರೆ ಕ್ಷೇತ್ರಗಳಿಗೂ ಒಗ್ಗಿಸಬಹುದು: ಒಂದು ಸಾಧನದಲ್ಲಿ ಘಟನೆಯನ್ನು ಮರುಸೃಷ್ಟಿಸಿ, ಇನ್ನೊಂದರಲ್ಲಿ ಅದರ ಮೂಲ ದಾಖಲೆಯನ್ನು ಓದುವುದು.

ಕೋರ್ಸ್‌ಗಳು ಮತ್ತು ಅವನ್ನು ಅರ್ಧಕ್ಕೆ ಬಿಡುವ ಹಕ್ಕು

ಕ್ರಮಬದ್ಧವಾಗಿ ಕಲಿಯಬೇಕೆನ್ನುವವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಘೋಷಿಸಿದ ಓಪನ್‌ಕೋರ್ಸ್‌ವೇರ್ ಈಗಲೂ ನನ್ನ ಮೊದಲ ಶಿಫಾರಸು. ಅಲ್ಲಿ 2,500ಕ್ಕೂ ಹೆಚ್ಚು ಕೋರ್ಸ್‌ಗಳ ಸಾಮಗ್ರಿಯಿದೆ. ನೋಂದಣಿ ಬೇಕಿಲ್ಲ, ಗಡುವಿಲ್ಲ, ಪ್ರಮಾಣಪತ್ರವೂ ಇಲ್ಲ. ಪ್ರಮಾಣಪತ್ರ ಇಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. 2012ರಲ್ಲಿ ಆರಂಭವಾದ ಕೋರ್ಸೆರಾ ಮತ್ತು ಎಡೆಕ್ಸ್‌ಗಳಲ್ಲಿ ಹೊಸ ವಿಷಯಗಳೂ ಅಚ್ಚುಕಟ್ಟಾದ ವ್ಯವಸ್ಥೆಯೂ ಇವೆ, ಆದರೆ ಯಾವುದನ್ನು ಎಷ್ಟು ಕಾಲ ಉಚಿತವಾಗಿ ನೋಡಬಹುದು, ಯಾವುದಕ್ಕೆ ಹಣ ಕೊಡಬೇಕು ಎಂಬುದು ಕೋರ್ಸ್‌ನಿಂದ ಕೋರ್ಸ್‌ಗೆ ಬೇರೆಯಾಗುವುದರಿಂದ, ಕಾರ್ಡ್‌ನ ವಿವರ ಕೊಡುವ ಮುನ್ನ ಆ ಪುಟವನ್ನು ಪೂರ್ತಿ ಓದಿ.

ಕೋರ್ಸ್ ಆರಿಸಿದ ಮೇಲೆ ಮೊದಲ ಉಪನ್ಯಾಸದಿಂದ ಹೊರಡಬೇಡಿ. ಸಮಸ್ಯೆಗಳ ಹಾಳೆಯನ್ನು ಮೊದಲು ತೆರೆಯಿರಿ, ಅದರಲ್ಲಿ ನಿಮ್ಮನ್ನು ಸೆಳೆಯುವ ಒಂದು ಪ್ರಶ್ನೆಯನ್ನು ಹಿಡಿಯಿರಿ, ಅದಕ್ಕೆ ಬೇಕಾದ ಉಪನ್ಯಾಸವನ್ನು ಮಾತ್ರ ನೋಡಿ. ನೋಡಿ ಮುಗಿಸಿದ ಕೂಡಲೇ ಪರದೆಯನ್ನು ಮುಚ್ಚಿ, ನೆನಪಿನಿಂದ ಒಂದು ಪುಟ ಬರೆಯಿರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಒಂದು ವಾರದ ನಂತರ ಮಾತ್ರ, ಓದಿದ್ದನ್ನು ನೆನಪಿನಿಂದ ಬರೆಯಲು ಯತ್ನಿಸಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ವಿದ್ಯಾರ್ಥಿಗಳಿಗೆ ಇದನ್ನೇ ಹೇಳುವ ಶಿಕ್ಷಕರು ತಾವು ಕಲಿಯುವಾಗ ವೀಡಿಯೊವನ್ನು ಹಿಂದಕ್ಕೆಳೆದು ಇನ್ನೊಮ್ಮೆ ನೋಡುವುದು ಕುತೂಹಲಕರ ಸಂಗತಿ.

ಅರ್ಧಕ್ಕೆ ಬಿಟ್ಟರೆ ಅಳುಕುವ ಕಾರಣವಿಲ್ಲ. ಎಂಐಟಿ ಮತ್ತು ಹಾರ್ವರ್ಡ್‌ಗಳ ಮುಕ್ತ ಕೋರ್ಸ್‌ಗಳ ಅಂಕಿಅಂಶಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017-18ರಲ್ಲಿ ಸೇರಿದವರ ಪೈಕಿ ಪೂರೈಸಿದವರು ಶೇಕಡ 3ರ ಆಸುಪಾಸಿನಲ್ಲಿದ್ದರು. ಹಾಜರಾತಿ ಪುಸ್ತಕದ ಕಣ್ಣಿನಿಂದ ನೋಡಿದರೆ ಇದು ಘೋರ ವೈಫಲ್ಯ. ನಿಮ್ಮ ಪ್ರಶ್ನೆಗೆ ಉತ್ತರ ಮೂರನೆಯ ವಾರದಲ್ಲೇ ಸಿಕ್ಕಿದ್ದರೆ ಉಳಿದ ಒಂಬತ್ತು ವಾರಗಳಿಗೆ ನೀವು ಯಾರಿಗೂ ಋಣಿಯಲ್ಲ.

ನೆನಪಿನಲ್ಲಿ ಉಳಿಯಬೇಕಾದದ್ದಕ್ಕೆ

ಹೊಸ ಲಿಪಿಯ ಅಕ್ಷರಗಳು, ನಕ್ಷತ್ರಗಳ ಹೆಸರು, ಪರಭಾಷೆಯ ಪದಗಳು ಮುಂತಾದವು ಅರ್ಥವಾದರೆ ಸಾಲದು, ನೆನಪಿನಲ್ಲೂ ನಿಲ್ಲಬೇಕು. ಮರೆವು ಕಾಲದೊಂದಿಗೆ ಹೇಗೆ ಸಾಗುತ್ತದೆ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಬೇಕು, ಪ್ರತಿ ಸಲವೂ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋಗಬೇಕು ಎಂಬ ತತ್ತ್ವದ ಮೇಲೆ 2006ರಿಂದ ಬಳಕೆಯಲ್ಲಿರುವ, ಮುಂಬದಿಯಲ್ಲಿ ಪ್ರಶ್ನೆಯೂ ಹಿಂಬದಿಯಲ್ಲಿ ಉತ್ತರವೂ ಇರುವ ಕಾರ್ಡ್‌ಗಳನ್ನು ತೋರಿಸುವ ಆಂಕಿ ತಂತ್ರಾಂಶ ಕೆಲಸ ಮಾಡುತ್ತದೆ. ಕಂಪ್ಯೂಟರ್‌ಗೂ ಆಂಡ್ರಾಯ್ಡ್‌ಗೂ ಅದು ಉಚಿತ. ಐಫೋನ್‌ನ ಅಧಿಕೃತ ಆಪ್‌ಗೆ ಬೆಲೆಯಿದೆ.

ಆಂಕಿಯಲ್ಲಿ ಇತರರು ತಯಾರಿಸಿದ ಸಾವಿರಾರು ಕಾರ್ಡ್‌ಗಳ ಕಟ್ಟನ್ನು ಇಳಿಸಿಕೊಳ್ಳುವ ಆಸೆಯನ್ನು ಬಿಡಿ. ಕಾರ್ಡ್ ಬರೆಯುವುದೇ ಕಲಿಕೆಯ ಅರ್ಧ ಭಾಗ. ಒಂದು ಕಾರ್ಡಿಗೆ ಒಂದೇ ಸಂಗತಿಯಿರಲಿ. "ರೋಹಿಣಿ ನಕ್ಷತ್ರದ ವಿವರ" ಎಂದು ಬರೆದು ಹಿಂಬದಿಯಲ್ಲಿ ಆರು ಸಾಲು ತುಂಬುವ ಬದಲು, ಅದು ಯಾವ ನಕ್ಷತ್ರಪುಂಜದಲ್ಲಿದೆ ಎಂಬುದಕ್ಕೆ ಒಂದು, ಅದರ ಬಣ್ಣಕ್ಕೆ ಇನ್ನೊಂದು ಕಾರ್ಡ್ ಮಾಡಿ. ದಿನಕ್ಕೆ 20 ಹೊಸ ಕಾರ್ಡ್‌ಗಳೆಂಬ ಮೂಲ ವ್ಯವಸ್ಥೆಯನ್ನು 5ಕ್ಕೆ ಇಳಿಸಿ, ಏಕೆಂದರೆ ಇಂದಿನ ಪ್ರತಿ ಹೊಸ ಕಾರ್ಡ್ ಮುಂದಿನ ವಾರಗಳಲ್ಲಿ ಹಲವು ಬಾರಿ ಮರಳಿ ಬರುತ್ತದೆ. ಪರೀಕ್ಷೆಯ ಕಾಲದಲ್ಲಿ ಉತ್ತರಪತ್ರಿಕೆಗಳ ರಾಶಿ ಮನೆಗೆ ಬಂದಾಗ ಆಂಕಿಯ ಬಾಕಿಯೂ ಅದರ ಪಕ್ಕದಲ್ಲಿ ಬೆಳೆದು ನಿಲ್ಲುವುದು ಬೇಡ. ಎಷ್ಟು ದಿನ ತಪ್ಪದೆ ಬಂದಿರಿ ಎಂದು ಎಣಿಸಿ ಹೊಗಳುವ ಭಾಷಾ ಆಪ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎಣಿಕೆ ತಪ್ಪಬಾರದೆಂದು ರಾತ್ರಿ ನಿದ್ದೆಗಣ್ಣಿನಲ್ಲಿ ಒತ್ತುವ ಗುಂಡಿಗಳಿಂದ ಭಾಷೆ ಬರುವುದಿಲ್ಲ.

ಓದು, ಕೇಳ್ಮೆ, ನೋಟ, ಆಟ

1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಈಗ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಹಳೆಯ ಪುಸ್ತಕಗಳು ಸಿಗುತ್ತವೆ. ಒಂದೇ ಕೃತಿಯನ್ನು ಮೊದಲನೆಯದರಲ್ಲಿ ತೆರೆದು, ಎರಡನೆಯದರಲ್ಲಿ ಕೇಳುತ್ತಾ ಓದುವುದು ಪರಭಾಷೆಯ ಉಚ್ಚಾರಕ್ಕೂ ಲಯಕ್ಕೂ ಒಳ್ಳೆಯ ಅಭ್ಯಾಸ. ದಿನವಿಡೀ ಮಾತಾಡಿ ಗಂಟಲು ದಣಿದವರಿಗೆ ಬರೀ ಕೇಳುವುದೂ ಒಂದು ವಿಶ್ರಾಂತಿ. ಗಂಟಲು ಇನ್ನೂ ಉಳಿದಿದ್ದರೆ, ಒಂದು ನಿಮಿಷದ ಮಾದರಿ ಧ್ವನಿಮುದ್ರಣ ಕಳುಹಿಸಿ ನೀವೂ ಅಲ್ಲಿ ಓದುಗರಾಗಬಹುದು.

ವಿಕಿಸೋರ್ಸ್‌ನಲ್ಲಿ ಕರಡು ತಿದ್ದುವ ಕೆಲಸವನ್ನು ಶಿಕ್ಷಕರಿಗೆ ವಿಶೇಷವಾಗಿ ಹೇಳಬೇಕು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇರುವ ಈ ಗ್ರಂಥಾಲಯದಲ್ಲಿ ಎಡಗಡೆ ಅಕ್ಷರಗಳೂ ಬಲಗಡೆ ಮೂಲ ಪುಟದ ಸ್ಕ್ಯಾನ್ ಚಿತ್ರವೂ ಇರುತ್ತವೆ. ಎರಡನ್ನೂ ಹೋಲಿಸಿ ಸರಿಪಡಿಸಬೇಕು. ಇನ್ನೂ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಕೆಂಪು ಶಾಯಿಯ ಕೈಗೆ ಇಲ್ಲಿ ಒಂದು ನಿರ್ಬಂಧವಿದೆ: ಲೇಖಕರ ಹಳೆಯ ಕಾಗುಣಿತವನ್ನಾಗಲಿ ವಾಕ್ಯವನ್ನಾಗಲಿ ತಿದ್ದುವಂತಿಲ್ಲ, ಸ್ಕ್ಯಾನ್‌ನಲ್ಲಿ ಇದ್ದುದು ಇದ್ದಂತೆ ಬರಬೇಕು. ಹೊಸಬರು ಹಳದಿ ಪುಟಗಳಿಂದ ಶುರುಮಾಡಿದರೆ, ಅನುಭವಿಗಳು ತಿದ್ದಿದ ಕ್ರಮ ತಾನಾಗಿ ಕಣ್ಣಿಗೆ ಹತ್ತುತ್ತದೆ.

ಚಿತ್ರಕಲೆಗೆ ಒಂದೇ ಸಲಹೆ. ನೂರು ಸಂಗ್ರಹಾಲಯಗಳ ತಾಣಗಳಲ್ಲಿ ಅಲೆಯುವ ಬದಲು ಒಂದು ಚಿತ್ರದ ಒಳಗೆ ಹೋಗಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು 8,439 ಬಿಡಿ ಛಾಯಾಚಿತ್ರಗಳಿಂದ ಜೋಡಿಸಿ, 717 ಗಿಗಾಪಿಕ್ಸೆಲ್‌ಗಳ, ಅಂದರೆ 71,700 ಕೋಟಿ ಬಿಂದುಗಳ ಒಂದೇ ಚಿತ್ರವಾಗಿ 2022ರಲ್ಲಿ ತನ್ನ ತಾಣದಲ್ಲಿ ಪ್ರಕಟಿಸಿದೆ. ಒಂದು ಮುಖವನ್ನು ಆರಿಸಿಕೊಂಡು, ಬಣ್ಣದ ಬಿರುಕುಗಳು ಕಾಣುವವರೆಗೂ ಹತ್ತಿರ ಹೋಗಿ, ನಿಧಾನವಾಗಿ ಹಿಂದೆ ಸರಿಯಿರಿ: ಯಾವ ದೂರದಲ್ಲಿ ಕುಂಚದ ಗೀರುಗಳು ಕಣ್ಣಾಗಿ ಮಾರ್ಪಡುತ್ತವೆ ಎಂದು ಗಮನಿಸಿ.

ಚದುರಂಗವಾದರೆ ಲಿಚೆಸ್ ಸಾಕು. 2010ರಲ್ಲಿ ಟಿಬೋ ಡುಪ್ಲೆಸಿ ಆರಂಭಿಸಿದ ಆ ತಾಣ ಜಾಹೀರಾತಿಲ್ಲದೆ ಪೂರ್ತಿ ಉಚಿತವಾಗಿ ನಡೆಯುತ್ತದೆ. ಅಂಕಗಳ ಲೋಕದಿಂದ ಬಂದವರು ಅಲ್ಲಿಯೂ ರೇಟಿಂಗ್‌ನ ಏರಿಳಿತಕ್ಕೆ ಸಿಕ್ಕಿಬೀಳಬಾರದಾದರೆ, ಆಯ್ಕೆಗಳಲ್ಲಿ ರೇಟಿಂಗ್ ಕಾಣದಂತೆ ಮಾಡಬಹುದು. ನಾನಂತೂ ಅದನ್ನು ಮರೆಮಾಡಿಯೇ ಆಡುತ್ತೇನೆ.

ಸಂಭಾಷಿಸುವ ಕೃತಕ ಬುದ್ಧಿಮತ್ತೆಯನ್ನು ಉತ್ತರ ಪಡೆಯಲು ಬಳಸುವುದಕ್ಕಿಂತ ಪ್ರಶ್ನೆ ಕೇಳಿಸಿಕೊಳ್ಳಲು ಬಳಸುವುದು ಲೇಸು. ನೀವು ಬರೆದ ಆ ನೆನಪಿನ ಪುಟವನ್ನು ಅದಕ್ಕೆ ಕೊಟ್ಟು, ಇದರಲ್ಲಿ ಎಲ್ಲಿ ವಿವರಣೆ ತೆಳುವಾಗಿದೆ, ಅಲ್ಲಿ ನನ್ನನ್ನು ಪ್ರಶ್ನಿಸು ಎಂದು ಹೇಳಿ. ಅದು ಆತ್ಮವಿಶ್ವಾಸದಿಂದ ತಪ್ಪು ಹೇಳಬಲ್ಲದು; ಆದ್ದರಿಂದ ಇಸವಿ, ಹೆಸರು, ಸಂಖ್ಯೆಗಳನ್ನು ಬೇರೆ ಕಡೆ ತಾಳೆ ನೋಡಲೇಬೇಕು. ವಿದ್ಯಾರ್ಥಿಗಳ ಬರಹವನ್ನೂ ವಿವರಗಳನ್ನೂ ಈ ವೈಯಕ್ತಿಕ ಖಾತೆಯೊಳಕ್ಕೆ ತರಬೇಡಿ.

ತರಗತಿ ಬಾಗಿಲು ತಟ್ಟಿದಾಗ, ಮತ್ತು ಬಿಡುವಾಗ

ಕೆಲವು ತಿಂಗಳ ನಂತರ ನೀವು ಕಲಿತದ್ದು ತರಗತಿಯಲ್ಲಿ ತಾನಾಗಿ ಮಾತಿಗೆ ಬರುತ್ತದೆ. ಬರಲಿ, ಆದರೆ ಒಂದು ವಾಕ್ಯದಷ್ಟು ಮಾತ್ರ: ನಿನ್ನೆ ರಾತ್ರಿ ಹೀಗೊಂದು ನೋಡಿದೆ, ನನಗಿನ್ನೂ ಅರ್ಥವಾಗಿಲ್ಲ ಎಂಬಷ್ಟು. ಅದನ್ನು ಚಟುವಟಿಕೆಯ ಹಾಳೆಯಾಗಿಸಿ, ಮೌಲ್ಯಮಾಪನದ ಕೋಷ್ಟಕ ಬರೆದು, ಸಹೋದ್ಯೋಗಿಗಳಿಗೆ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ, ಸಂಜೆಯ ಆ ಒಂದು ಗಂಟೆಯೂ ಕರ್ತವ್ಯದ ಅವಧಿಯಾಗಿಬಿಡುತ್ತದೆ. ತರಗತಿಗೆ ಬೇಕೇಬೇಕು ಎನಿಸಿದ ಸಾಧನವನ್ನು ಅಲ್ಲಿಗೆ ಒಪ್ಪಿಸಿ, ನಿಮಗಾಗಿ ಬೇರೊಂದನ್ನು ಹುಡುಕಿಕೊಳ್ಳಿ.

ಬೇಸರ ಬಂದ ಸಾಧನವನ್ನು ತೊರೆಯುವ ಮುನ್ನ ನಿಮ್ಮದನ್ನು ಹೊರತೆಗೆದುಕೊಳ್ಳಿ. ಆಂಕಿಯ ಕಾರ್ಡ್‌ಗಳನ್ನು ಒಂದೇ ಕಡತವಾಗಿ ರಫ್ತು ಮಾಡಬಹುದು. ಲಿಚೆಸ್‌ನಿಂದ ಆಡಿದ ಆಟಗಳನ್ನೂ ಐನ್ಯಾಚುರಲಿಸ್ಟ್‌ನಿಂದ ವೀಕ್ಷಣೆಗಳ ಪಟ್ಟಿಯನ್ನೂ ಇಳಿಸಿಕೊಳ್ಳಬಹುದು. ಗೂಗಲ್ ಖಾತೆಯಲ್ಲಿರುವುದಕ್ಕೆ ಟೇಕ್‌ಔಟ್ ಎಂಬ ಸೌಲಭ್ಯವಿದೆ. ಐನ್ಯಾಚುರಲಿಸ್ಟ್ ಖಾತೆಯನ್ನು ಅಳಿಸಿದರೆ ನಿಮ್ಮ ದಾಖಲೆಗಳೂ ಹೋಗುತ್ತವೆ, ಇತರರು ಗುರುತಿಸಿಕೊಟ್ಟ ಶ್ರಮವೂ ಅದರೊಂದಿಗೆ ಹೋಗುತ್ತದೆ. ಅಂಥ ಕಡೆ ಖಾತೆಯನ್ನು ಅಳಿಸದೆ, ಇಮೇಲ್ ಸೂಚನೆಗಳನ್ನಷ್ಟೇ ನಿಲ್ಲಿಸಿ ಹೊರಬರುವುದು ಉತ್ತಮ. ಶುಲ್ಕವಿದ್ದ ತಾಣವಾದರೆ ಆಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಅದನ್ನು ಖಾತೆಯ ಪುಟದಲ್ಲಿ ಬೇರೆಯಾಗಿ ರದ್ದು ಮಾಡಬೇಕು.